ವಿಲಾಯತಿ ಯಂತ್ರದ ಎಣ್ಣೆತೂತುಗಳು

ನನ್ನ ಮೊಮ್ಮಗಳು ನಿನ್ನೆ ಹೊಸ್ತಿಲು ದಾಟಿದಳು. ಎರಡೂ ಕೈ ಊರಿ, ಯಾರಾದರೂ ನೋಡುತ್ತಿದ್ದಾರೋ ಇಲ್ಲವೋ ಎಂದು ಒಮ್ಮೆ ಹಿಂದಕ್ಕೆ ತಿರುಗಿ, ದಾಟಿಯೇ ಬಿಟ್ಟಳು. ನಾನು ಉಳಿ ಮಸೆಯುವುದನ್ನು ಬಿಟ್ಟು ಹಾಕಿದ ಕೂಗಿಗೆ, ಕೂಲಿಲೈನಿನ ಜನ ಹಾವು ಬಂತೆಂದುಕೊಂಡು ದೊಣ್ಣೆ ಹಿಡಿದು ಓಡಿ ಬಂದರು. ಬರಲಿ. ಬಂದವರಿಗೆಲ್ಲ ಕೊಬ್ಬರಿ ಸಕ್ಕರೆ ಹಂಚಿದೆ. ಏಳು ವರ್ಷ ಕಾಯಿಸಿ ನನ್ನ ಮಗಳ ಮಡಿಲಿಗೆ ಬಂದ ಕೂಸು ಅದು. ಅದು ಆಕಳಿಸಿದರೂ ನನಗೆ ಹಬ್ಬ.

ಇಂಥ ಕೂಸನ್ನು ಹೆಸರಿಡುವ ದಿನ ತೊಟ್ಟಿಲಿಲ್ಲದೆ ನೆಲದಲ್ಲಿ ಮಲಗಿಸುವ ಹಾಗೆ ಮಾಡಲು ಹೊರಟಿದ್ದ ಇಬ್ಬರು ದೊಡ್ಡ ಮನುಷ್ಯರಿದ್ದರು. ಅವರ ಸಂಗತಿ ಬರೆಯದೆ ನನಗೆ ಸಮಾಧಾನವಿಲ್ಲ. ನಾನು ಓದಿದ್ದು ಎರಡನೇ ಕ್ಲಾಸು. ತಪ್ಪಿದ್ದರೆ ತಪ್ಪಿರಲಿ. ಓದಿದವರ ಬುದ್ಧಿ ಎಷ್ಟೆಂಬುದನ್ನು ನೋಡಿದ ಮೇಲೆ ನನಗೆ ಅಕ್ಷರದ ಹೆದರಿಕೆ ಹೋಗಿದೆ.

ನಾನು ಕಳಸದ ಕಡೆಯ ಒಂದು ಕಾಫಿ ತೋಟದಲ್ಲಿ ಆಚಾರಿ. ತೋಟ ಇಂಗ್ಲಿಷ್ ದೊರೆಯದು. ಬಂಗಲೆಯ ಕಿಟಕಿ, ಗೋಡೌನಿನ ಬಾಗಿಲು, ಗಾಡಿಯ ನೊಗ, ಹೆಣ ಹೊರುವ ಚಟ್ಟ, ಎಲ್ಲ ನನ್ನ ಕೈಯದೇ. ಕೆಲಸದ ಕೊಟ್ಟಿಗೆಯಲ್ಲಿ ಮರ ಕಡೆಯುವ ಹಳೆಯ ಯಂತ್ರವೊಂದಿತ್ತು. ಎರಡು ದಪ್ಪ ತೊಲೆಗಳು, ಅವುಗಳ ಮೇಲೆ ಎದುರುಬದುರಾಗಿ ಎರಡು ಮೊನೆ, ಒಂದು ಬದಿಗೆ ಸೊಂಟದೆತ್ತರದ ಕಬ್ಬಿಣದ ಚಕ್ರ, ಕೆಳಗೆ ತುಳಿಯುವ ಹಲಗೆ. ಮೊನೆಗಳ ನಡುವೆ ಮರ ಕಚ್ಚಿಸಿ ಹಲಗೆ ತುಳಿದರೆ ಚಕ್ರ ತಿರುಗಿ, ಮರ ಗಿರಗಿರ ಸುತ್ತುತ್ತದೆ. ಉಳಿ ಹಿಡಿದರೆ ದುಂಡಗಾಗುತ್ತದೆ. ನಾನು ಸೇರುವ ಮೊದಲೇ ಅದು ಅಲ್ಲಿತ್ತು. ಯಾರು ಮಾಡಿದ್ದೆಂದು ಯಾರಿಗೂ ಗೊತ್ತಿರಲಿಲ್ಲ. ವಿಲಾಯತಿಯದ್ದು ಎಂದು ಎಲ್ಲರೂ ಹೇಳುತ್ತಿದ್ದರು. ಕಬ್ಬಿಣವೆಲ್ಲ ವಿಲಾಯತಿಯಿಂದಲೇ ಬರುವುದೆಂದು ನಂಬಿದ ಜನ.

ತೊಲೆಗಳ ಅಂಚಿನುದ್ದಕ್ಕೂ ಜೋಡಿ ಜೋಡಿಯಾಗಿ ತೂತುಗಳಿದ್ದವು. ನನಗಿಂತ ಮುಂಚೆ ಇದ್ದ ಮೇಸ್ತ್ರಿ ಯಂತ್ರವನ್ನು ನನ್ನ ಕೈಗೆ ಒಪ್ಪಿಸಿದ ದಿನ ಅವನ್ನು ತೋರಿಸಿ, "ನೋಡು, ಇವು ಎಣ್ಣೆತೂತು. ವಾರಕ್ಕೊಂದ್ಸಲ ಹರಳೆಣ್ಣೆ ಬಿಡ್ಬೇಕು. ವಿಲಾಯ್ತಿ ಮಿಷನ್ನು, ಎಣ್ಣೆ ತಪ್ಸಿದ್ರೆ ಮುನಿಸ್ಕೊಳ್ತದೆ" ಎಂದಿದ್ದ. ಮೂವತ್ತು ವರ್ಷ ಶುಕ್ರವಾರ ತಪ್ಪದೆ ನಾನು ಎಣ್ಣೆ ಬಿಟ್ಟೆ. ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಇದನ್ನು ನೆನಪಿಡಿ. ಮುಂದೆ ಯಾರ್ಯಾರನ್ನು ಬೈಯುತ್ತೇನೋ ಅವರ ಸಾಲಿನಲ್ಲಿ ನನಗೂ ಒಂದು ಮಣೆ ಹಾಕಿದ್ದೇನೆ.

ಇನ್ನೊಂದು ಸಂಗತಿ. ವರ್ಷದ ಮೊದಲ ಹೂಮಳೆ ಬಿದ್ದು, ಕಾಫಿ ಗಿಡ ಬೆಳ್ಳಗೆ ಅರಳಿ, ಗುಡ್ಡವೆಲ್ಲ ಘಮಘಮಿಸುವಾಗ ಆ ಯಂತ್ರ ಒಂದು ಥರ ನಾರುತ್ತಿತ್ತು. ನನ್ನ ಹೆಂಡತಿ ಬುತ್ತಿ ತಂದವಳು ಕೊಟ್ಟಿಗೆಯ ಒಳಗೆ ಬರದೆ ಹೊರಗೇ ನಿಂತು, "ಇದ್ರೊಳಗೆ ಏನಾದ್ರೂ ಸತ್ತಿದ್ಯಾ ನೋಡ್ರೀ" ಎನ್ನುತ್ತಿದ್ದಳು. ತೋಟದ ಆಫೀಸಿನ ರೈಟರಿಗೆ ಅದೇ ನಾತ ಪರಮಾನಂದ. "ಅದು ವಿಲಾಯ್ತಿ ಗ್ರೀಸಿನ ವಾಸ್ನೆ ಕಣಯ್ಯ. ನಿಮಗೆಲ್ಲಿ ಗೊತ್ತಾಗ್ಬೇಕು" ಎಂದು ಮೂಗು ಅರಳಿಸಿ ಎಳೆದುಕೊಳ್ಳುತ್ತಿದ್ದರು.

ಈ ರೈಟರ ವಿಷಯ ಸ್ವಲ್ಪ ಹೇಳಬೇಕು. ಚಿಕ್ಕಮಗಳೂರಿನಲ್ಲಿ ಇಂಗ್ಲಿಷ್ ಸ್ಕೂಲಿಗೆ ಹೋಗಿದ್ದವರು. ಕೊನೆಯ ಪರೀಕ್ಷೆ ಎರಡು ಸಲ ಕೂತು ಎರಡು ಸಲವೂ ಎದ್ದು ಬಂದವರು. ಕೋಟಿನ ಜೇಬಿನಲ್ಲಿ ಎರಡು ಪೆನ್ನು. ಒಂದರಲ್ಲಿ ಯಾವತ್ತೂ ಶಾಯಿ ಇರುತ್ತಿರಲಿಲ್ಲ. ದೊರೆ ಕೆಮ್ಮಿದರೆ ಇವರು ಎದೆ ನೀವಿಕೊಳ್ಳುವರು. ಕೂಲಿಯವರೊಡನೆ ಮಾತಾಡುವಾಗ ನಾಯಿಗೆ ಅನ್ನ ಹಾಕುವ ಮುಖ.

ಮಗಳು ಹೆತ್ತದ್ದು ಹೂಮಳೆ ಬಿದ್ದ ಮರುದಿನ. ನಾನು ಕೂಸಿನ ಮುಖ ನೋಡಿದವನೇ ಸೀದಾ ಕೊಟ್ಟಿಗೆಗೆ ಹೋಗಿ, ಹತ್ತು ವರ್ಷದಿಂದ ಅಟ್ಟದ ಮೇಲೆ ಒಣಗಿಸಿಟ್ಟಿದ್ದ ಹಲಸಿನ ಮರ ಇಳಿಸಿದೆ. ನಮ್ಮಲ್ಲಿ ಚೊಚ್ಚಲ ಕೂಸಿನ ತೊಟ್ಟಿಲು ತಾಯಿಯ ತವರಿನದು. ಬೇರೆಯವರು ಕೊಂಡು ತಂದಾರು, ಎರವಲು ತಂದಾರು. ಆಚಾರಿಯ ಮನೆಯಲ್ಲಿ ಎರವಲು ತೊಟ್ಟಿಲು ತೂಗಿದರೆ ಅವನು ತನ್ನ ಉಳಿಗಳನ್ನೆಲ್ಲ ಭದ್ರಾ ಹೊಳೆಗೆ ಎಸೆದು ಬರಬೇಕು. ತೊಟ್ಟಿಲಿನ ಸುತ್ತ ಇಪ್ಪತ್ನಾಲ್ಕು ಕಡೆದ ಕಂಬಿಗಳು ಬೇಕು. ಹನ್ನೆರಡನೆಯ ದಿನ ಹೆಸರಿಡುವುದು. ಏಳನೆಯ ದಿನದ ಹೊತ್ತಿಗೆ ನಾಲ್ಕು ಕಾಲು, ಚೌಕಟ್ಟು ಮತ್ತು ಒಂಬತ್ತು ಕಂಬಿ ಮುಗಿದಿದ್ದವು. ಉಳಿ ಮರದ ಮೇಲೆ ಹಾಡುತ್ತಿತ್ತು. ನಾನೂ ಹಾಡುತ್ತಿದ್ದೆ ಎಂದು ಆಮೇಲೆ ಹೆಂಡತಿ ಹೇಳಿದಳು. ಕೇಳುವ ಹಾಗಿರಲಿಲ್ಲವಂತೆ.

ಏಳನೆಯ ದಿನ ಬೆಳಿಗ್ಗೆ ರೈಟರು ಬಂದರು. ಬಂದವರು ನನ್ನನ್ನು ಬದಿಗೆ ಸರಿಸಿ, ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ಶಾಯಿ ಇಲ್ಲದ ಪೆನ್ನಿನ ಮೊನೆಯಿಂದ ಅದನ್ನು ಕೆರೆಯತೊಡಗಿದರು. ವರ್ಷ ವರ್ಷ ಆಯುಧಪೂಜೆಗೆ ಬಳಿದ ಕುಂಕುಮ, ಗಂಧ, ಅದರ ಮೇಲೆ ಮರದ ಪುಡಿ, ಎಣ್ಣೆ ಎಲ್ಲ ಸೇರಿ ಚಕ್ರದ ಮೇಲೆ ಬೆರಳು ದಪ್ಪ ಕಟ್ಟಿತ್ತು. ಚಕ್ಕೆ ಎದ್ದಾಗ ಒಳಗಿನಿಂದ ಉಬ್ಬು ಅಕ್ಷರ ಕಾಣಿಸಿತು. ಇಂಗ್ಲಿಷ್ ಅಕ್ಷರ.

"ಸಿಕ್ತು! ಲಂಡನ್ ಅಂತ ಇದೆ. ನಾನು ಹೇಳ್ಲಿಲ್ವಾ?" ಎಂದು ರೈಟರು ಎದ್ದು ಕುಣಿದರು. "ಇದು ಮಾಡಿದ ಕಂಪ್ನಿ ಹೆಸ್ರು, ಊರು, ಎಲ್ಲ ಇದೆ. ದೊರೆಗಳು ತಮ್ಮ ಕ್ಲಬ್ಬಿನ ಜಗಲೀಲಿ ಹಳೇ ವಿಲಾಯ್ತಿ ಮಿಷನ್ನು ಇಡ್ಬೇಕು ಅಂತಿದಾರೆ. ನಾಡಿದ್ದು ಬಂದು ನೋಡ್ತಾರೆ. ನೋಡಿ ಒಪ್ಪಿದ್ರೆ ಅವತ್ತೇ ಗಾಡಿಗೆ ಹೇರೋದು. ನೀನು ತಿಕ್ಕಿ ತೊಳ್ದು ಇಡು. ಅಲ್ಲೀವರ್ಗೆ ಅದ್ರಲ್ಲಿ ಮರ ಕಡೀಬೇಡ."

"ರೈಟ್ರೇ, ನನ್ನ ತೊಟ್ಲು ಅರ್ಧ ಆಗಿದೆ" ಎಂದೆ.

"ತೊಟ್ಲು! ದೊರೆ ಕ್ಲಬ್ಬಿನ ವಿಷ್ಯ ಮಾತಾಡ್ತಿದೀನಿ, ಇವ್ನು ತೊಟ್ಲು ಅಂತಾನೆ. ಹುಟ್ಟಿದ್ದು ಹೆಣ್ಣಂತಲ್ಲ? ಗೋಣಿತಟ್ಟು ಕಟ್ಟಿ ತೂಗು, ಸಾಕು."

ನನ್ನ ಕೈಯಲ್ಲಿ ಉಳಿ ಇತ್ತು. ಅದನ್ನು ಕೆಳಗಿಟ್ಟೆ. ಅಷ್ಟರ ಮಟ್ಟಿಗೆ ನಾನು ಒಳ್ಳೆಯವನು.

ಆದರೆ ಆ ಅಕ್ಷರಗಳನ್ನು ನೋಡುತ್ತ ನೋಡುತ್ತ ನನಗೆ ಏನೋ ತಟ್ಟಿತು. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೆ ಕೆತ್ತುವವನಿಗೆ ಆಕಾರ ಮರೆಯುವುದಿಲ್ಲ. ಅಕ್ಷರದ ಸಾಲಿನ ಎರಡೂ ತುದಿಗೆ ಚೂಪು ಎಲೆಯಂಥ ಒಂದು ಗುರುತಿತ್ತು. ಆ ಎಲೆಯನ್ನು ನಾನು ಎಲ್ಲೋ ನೋಡಿದ್ದೆ. ಕಿವಿಯ ಸಂದಿಯ ಪೆನ್ಸಿಲ್ ತೆಗೆದು, ಒಂದು ಹಲಗೆಯ ತುಂಡಿನ ಮೇಲೆ ಅಷ್ಟನ್ನೂ ಬಳ್ಳಿ ಬರೆಯುವ ಹಾಗೆ ಗೆರೆ ತಪ್ಪದೆ ಬರೆದುಕೊಂಡೆ.

ಮಧ್ಯಾಹ್ನ ಅದು ನೆನಪಾಗಿ ಹೊಳೆಯ ಬದಿಯ ಪಲ್ಪಿಂಗ್ ಮನೆಗೆ ಹೋದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರುಗಳು ಇರುವ ಜಾಗ. ಅದರ ಹಿಂದೆ, ಲಂಟಾನದ ಪೊದೆಯಲ್ಲಿ, ಯಾವುದೋ ಕಾಲದ ಕೈಪಲ್ಪರೊಂದು ಬಿದ್ದಿತ್ತು. ಪೊದೆ ಸವರಿ ನೋಡಿದರೆ ಅದರ ಮೈಮೇಲೆ ಅದೇ ಅಕ್ಷರ, ಅದೇ ಎಲೆ. ಹಲಗೆ ಪಕ್ಕಕ್ಕೆ ಹಿಡಿದೆ. ಒಂದು ಗೆರೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಪಲ್ಪರಿಗೆ ಎಲ್ಲ ಇತ್ತು, ಚಕ್ರ ಮಾತ್ರ ಇರಲಿಲ್ಲ. ಚಕ್ರ ಕೂರುವ ಉಕ್ಕಿನ ಸಲಾಕೆ ಬರಿದಾಗಿ ಹೊರಗೆ ಚಾಚಿಕೊಂಡಿತ್ತು.

ನಕ್ಕು ನಕ್ಕು ಅಲ್ಲೇ ಕೂತೆ. ಎಂಥ ಪಂಡಿತರು ಇವರು! ಕಾಫಿ ಸುಲಿಯುವ ಚಕ್ರಕ್ಕೆ ಇಷ್ಟು ವರ್ಷ ಮರ ಕಡೆಯುವ ಯಂತ್ರವೆಂದು ಕುಂಕುಮ ಹಚ್ಚಿ, ಈಗ ಅದರ ಮೇಲಿನ ಹೆಸರು ಓದಿ ಕುಣಿಯುತ್ತಾರೆ. ಚಕ್ರ ಪಲ್ಪರಿನದಾದರೆ ಯಂತ್ರ ಯಾರದು?

ಉತ್ತರ ಮರುದಿನ ತಾನಾಗಿ ಮನೆ ಬಾಗಿಲಿಗೆ ಬಂತು. ಬಣಕಲ್ಲಿನಲ್ಲಿ ಅಂಗಡಿ ಇಟ್ಟಿದ್ದ ಒಬ್ಬ ಸಾಬರು ನನಗೆ ಹಳೆಯ ಪರಿಚಯ. ಘಟ್ಟದ ಕೆಳಗಿನಿಂದ ಎತ್ತಿನ ಗಾಡಿಯಲ್ಲಿ ತೆಂಗಿನಕಾಯಿ, ನಾರಿನ ಹಗ್ಗ, ಲೈನಿನವರಿಗೆ ಒಣಮೀನು ತರುವವರು. ಬಾಣಂತಿಗೆಂದು ಕೊಬ್ಬರಿ ಹಿಡಿದು ಬಂದಿದ್ದರು. ನಾನು ಕೂಸಿನ ಗುಣಗಾನ ಮಾಡುತ್ತ ಅವರನ್ನು ತೊಟ್ಟಿಲು ತೋರಿಸಲು ಕೊಟ್ಟಿಗೆಗೆ ಕರೆದೊಯ್ದೆ. ಒಳಗೆ ಕಾಲಿಟ್ಟವರೇ ನಿಂತರು.

"ಎಂತ ಆಚಾರ್ರೆ, ನೀವು ಯಾವಾಗಿಂದ ಮೀನು ತಿನ್ಲಿಕ್ಕೆ ಶುರು ಮಾಡಿದ್ದು?"

"ಬಿಡ್ತು ಅನ್ನಿ ಮಾರಾಯ್ರೆ. ಯಾಕೆ?"

"ಮತ್ತೆ ಈ ವಾಸ್ನೆ ಎಲ್ಲಿಂದು? ಇದು ಮೀನೆಣ್ಣೆ ಅಲ್ವಾ? ನಮ್ಮ ಊರಲ್ಲಿ ದೋಣಿಗೆ ಬಳಿಯುವುದು."

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಮೀನು ಬೆಂದಿಲ್ಲ. ನಮ್ಮ ಮೂಗಿಗೆ ಮೀನೆಣ್ಣೆಯ ಗುರುತಿಲ್ಲ. ಆ ರೈಟರ ಮೂಗಿಗೂ ಇಲ್ಲ. ಸಾಬರು ಬಗ್ಗಿ ತೊಲೆಯ ಅಂಚಿನಲ್ಲಿ ಕೈಯಾಡಿಸಿದರು. ಒಂದು ತೂತಿಗೆ ಬೆರಳು ಹಾಕಿ, ಎಣ್ಣೆಯಲ್ಲಿ ನೆನೆದ ಕರಿಯ ಎಳೆಯೊಂದನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟರು.

"ನಾರಿನ ಹಗ್ಗ. ಇದು ದೋಣಿಯ ಅಡಿಮರ ಮಾರಾಯ್ರೆ. ನಮ್ಮಲ್ಲಿ ದೋಣಿಗೆ ಮೊಳೆ ಹೊಡೆಯುವುದಿಲ್ಲ, ತೂತು ಹಾಕಿ ಹಗ್ಗದಲ್ಲಿ ಹೊಲಿಯುವುದು. ಈ ತೂತೆಲ್ಲ ಹೊಲಿಗೆ ತೂತು. ನೀವು ಇದನ್ನು ಎಂತ ಮಾಡಿಕೊಂಡಿದ್ರಿ?"

"ಎಣ್ಣೆ ಬಿಡ್ತಿದ್ದೆ" ಎಂದೆ.

"ಯಾಕೆ?"

"ಎಣ್ಣೆತೂತು ಅಂದಿದ್ರು."

ಸಾಬರು ನನ್ನ ಮುಖ ನೋಡಿದರು. ದೊಡ್ಡ ಮನುಷ್ಯ, ಅವರು ನಗಲಿಲ್ಲ. ಹೊರಗೆ ಹೋಗಿ ಎತ್ತಿನ ಹತ್ತಿರ ನಿಂತು ನಕ್ಕರು. ಕೊಟ್ಟಿಗೆಯೊಳಗೆ ನನಗೆ ಕೇಳಿಸುತ್ತಿತ್ತು. ಮೂವತ್ತು ವರ್ಷದ ಹರಳೆಣ್ಣೆ! ಅಷ್ಟರಲ್ಲಿ ನನ್ನ ಮೊಮ್ಮಗಳ ಮದುವೆಯವರೆಗೆ ತಲೆಗೆ ಹಚ್ಚಬಹುದಿತ್ತು.

ಒಂಬತ್ತನೆಯ ದಿನ ದೊರೆ ಬಂದ. ಕೆಂಪು ಮುಖ, ಬಿಳಿ ಟೋಪಿ, ಕಂಕುಳಲ್ಲಿ ಬೆತ್ತ. ಹಿಂದೆ ರೈಟರು, ಮಡಿಸಿದ ಕೊಡೆಯ ಹಾಗೆ ಬಾಗಿಕೊಂಡು. ರೈಟರು ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಒದರಿ ಚಕ್ರ ತೋರಿಸಿದರು. ದೊರೆ ತೊಲೆಗಳ ತೂತು ನೋಡಿ ತಲೆದೂಗಿದ. ಅವನಿಗೂ ಅವು ಎಣ್ಣೆತೂತೇ!

ನಾನು ಹಲಗೆ ಮುಂದೆ ಹಿಡಿದು, "ದೊರೆಗಳೇ, ಈ ಚಕ್ರ ಈ ಮಿಷನ್ನಿಂದಲ್ಲ. ಹಳೇ ಪಲ್ಪರಿಂದು. ಬನ್ನಿ, ತೋರಿಸ್ತೀನಿ. ಉಳಿದದ್ದೆಲ್ಲ ಘಟ್ಟದ ಕೆಳಗಿನ ದೋಣಿ ಮರ" ಎಂದೆ.

"ಏ ಆಚಾರಿ, ಬಾಯ್ಮುಚ್ಚು!" ಎಂದರು ರೈಟರು. "ಓದೋಕೆ ಬರೋಲ್ಲ, ಇಂಗ್ಲಿಷ್ ಹೇಳ್ಕೊಡೋಕೆ ಬಂದ."

ದೊರೆ ಹಲಗೆ ಕೈಗೆ ತೆಗೆದುಕೊಂಡು ಓದಿದ. ಹುಬ್ಬು ಮೇಲೆ ಹೋಯಿತು. ಪಲ್ಪಿಂಗ್ ಮನೆಯ ಹಿಂದಕ್ಕೆ ನಡೆದ, ಪೊದೆಯೊಳಗೆ ಇಣುಕಿದ, ಬೆತ್ತದಿಂದ ಪಲ್ಪರಿನ ಬರಿಯ ಸಲಾಕೆಯನ್ನು ಟಿಣ್ ಎನ್ನಿಸಿದ. ಆಮೇಲೆ ತಿರುಗಿ ನನ್ನ ಬೆನ್ನು ತಟ್ಟಿದ.

"ನೀನು ಬಹಳ ಬುದ್ಧಿ ಇರುವ ಮನುಷ್ಯ. ಈ ಪಲ್ಪರ್ ತುಂಬ ಹಳೇದು, ತುಂಬ ಒಳ್ಳೇದು. ನಾನು ಈ ಪಲ್ಪರ್ ಕ್ಲಬ್ಬಿಗೆ ಒಯ್ಯುತ್ತೇನೆ."

ನನಗೆ ಆನಂದವಾಯಿತು. ಒಯ್ಯಿ ಮಾರಾಯ, ಎಂದುಕೊಂಡೆ.

"ಆ ಚಕ್ರವನ್ನು ಕೂಡ" ಎಂದ ದೊರೆ. "ಪಲ್ಪರ್ ಪೂರ್ತಿ ಆಗಬೇಕು, ಅಲ್ಲವೋ?"

ನನ್ನ ಬುದ್ಧಿವಂತಿಕೆ ಅಲ್ಲೇ ತೋಪೆದ್ದಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಯಂತ್ರ ಇಡಿಯಾಗಿ ಹೋಗುತ್ತಿತ್ತು. ಬಾಯಿ ಬಿಟ್ಟದ್ದಕ್ಕೆ ಚಕ್ರ ಹೋಯಿತು. ಯಾವುದಾದರೂ ನನಗೆ ಕಂಬಿ ಕಡೆಯುವ ದಾರಿ ಇಲ್ಲ. ರೈಟರು ನಾಲ್ಕು ಆಳು ಕರೆಸಿ ನನ್ನ ಕಣ್ಣೆದುರೇ ಚಕ್ರ ಕಳಚಿಸಿದರು. ಹೋಗುವಾಗ, "ಗೋಣಿತಟ್ಟು ಆಫೀಸಲ್ಲಿದೆ, ಬಂದು ತಗೊಂಡ್ಹೋಗು" ಎಂದರು. ನಮ್ಮ ಕಾಫಿಯನ್ನು ಸುಲಿದ ಹಳೆಯ ಕಬ್ಬಿಣವನ್ನು ಜಗಲಿಯಲ್ಲಿಟ್ಟು ಅದರ ಮುಂದೆ ಬ್ರಾಂದಿ ಕುಡಿಯುವ ಜನ! ಹೆಣ್ಣು ಕೂಸಿಗೆ ಗೋಣಿತಟ್ಟು ಸಾಕೆನ್ನುವ ಗುಮಾಸ್ತ! ಇವರ ಓದಿಗೆ ಬೆಂಕಿ ಬೀಳ.

ಬುತ್ತಿ ತಂದ ಹೆಂಡತಿ, ನಾನು ತಲೆ ಮೇಲೆ ಕೈ ಹೊತ್ತು ಕೂತದ್ದನ್ನು ನೋಡಿ ವಿಷಯ ಕೇಳಿ ತಿಳಿದಳು.

"ದೊರೆಗೆ ಬುದ್ಧಿ ಹೇಳೋಕೆ ಹೋಗಿದ್ರಾ?"

"ಹೌದು."

"ಚೆನ್ನಾಯ್ತು. ಎಣ್ಣೆ ಕುಡಿಸಿದ್ದು ಸಾಲದಾಗಿತ್ತು."

ಅಷ್ಟರಲ್ಲಿ ಚಕ್ರ ಮುಚ್ಚಿಕೊಂಡಿದ್ದ ಜಾಗ ಕಣ್ಣಿಗೆ ಬಿದ್ದಿತ್ತು. ಅಲ್ಲಿ ಧೂಳಿಲ್ಲ, ಎಣ್ಣೆ ಇಲ್ಲ, ಮರ ನಿನ್ನೆ ಕೆತ್ತಿದ ಹಾಗಿತ್ತು. ಮೊನೆಯನ್ನು ತಿರುಗಿಸುವ ಉರುಳೆಯ ನಡುವೆ, ಬೆರಳು ದಪ್ಪಕ್ಕೆ ನುಣ್ಣಗೆ ಸವೆದ ಗುಳಿ. ಹಗ್ಗ ಸುತ್ತಿ ಎಳೆದು ಎಳೆದು ಆದ ಗುಳಿ! ಈ ಯಂತ್ರ ಹುಟ್ಟಿದಾಗ ಅದಕ್ಕೆ ಚಕ್ರವೇ ಇರಲಿಲ್ಲ. ಒಬ್ಬರು ಹಗ್ಗ ಎಳೆಯುವುದು, ಇನ್ನೊಬ್ಬರು ಕಡೆಯುವುದು. ಚಕ್ರವನ್ನು ಆಮೇಲೆ ಯಾವನೋ ಜಾಣ ಕಟ್ಟಿದ್ದು.

ಅಲ್ಲೇ ಮರದ ಮೇಲೆ ಬಾಚಿಯ ಏಟುಗಳು ಸಾಲಾಗಿದ್ದವು. ನಾನು ಕೆತ್ತಿದರೆ ಏಟು ಬಲದಿಂದ ಎಡಕ್ಕೆ ವಾಲುತ್ತದೆ. ಇವು ಎಡದಿಂದ ಬಲಕ್ಕೆ ವಾಲಿದ್ದವು. ಉಳಿ ಆನಿಸುವ ಅಡ್ಡಪಟ್ಟಿಯಲ್ಲಿ ಹೆಬ್ಬೆಟ್ಟಿನಷ್ಟು ಒಂದು ತಗ್ಗಿತ್ತು. ಮೂವತ್ತು ವರ್ಷ ಅದು ನನ್ನ ಬಲಗೈಗೆ ಅಡ್ಡ ಬಂದದ್ದಕ್ಕೆ, ಮಾಡಿದವನಿಗೆ ಕಸುಬು ಗೊತ್ತಿಲ್ಲವೆಂದು ಬೈದಿದ್ದೆ. ಈಗ ಎಡಗೈ ಹೆಬ್ಬೆರಳು ಇಟ್ಟೆ. ಮೆತ್ತಗೆ ಕೂತಿತು. ಎಡಚ. ಘಟ್ಟದ ಕೆಳಗಿನ ಎಡಚ ದೋಣಿಯಾಚಾರಿ. ಒಡೆದ ದೋಣಿಯ ಅಡಿಮರವನ್ನು ಹೊತ್ತು ಘಟ್ಟ ಹತ್ತಿ ಬಂದು, ಈ ಕಾಡಿನಲ್ಲಿ ಕೂತು, ಹೊಟ್ಟೆಪಾಡಿಗೆ ಇದನ್ನು ಮಾಡಿಕೊಂಡವನು. ಅವನ ಹೆಸರು ಯಾರೂ ಎರಕ ಹೊಯ್ಯಲಿಲ್ಲ. ಮೂವತ್ತು ವರ್ಷ ಬೈಸಿಕೊಂಡವನು ಆ ದಿನ ನನ್ನ ಬೈಗುಳ ತಪ್ಪಿಸಿಕೊಂಡ. ಅವನಿಗೆ ಕೈಮುಗಿದೆ.

ಸಾಬರು ಕೊಬ್ಬರಿ ಮೂಟೆಗೆ ಕಟ್ಟಿ ತಂದಿದ್ದ ನಾರಿನ ಹಗ್ಗ ಮನೆಯಲ್ಲೇ ಬಿದ್ದಿತ್ತು. ತಂದು ಉರುಳೆಗೆ ಎರಡು ಸುತ್ತು ಹಾಕಿ, ಎರಡೂ ತುದಿಗಳನ್ನು ಹೆಂಡತಿಯ ಕೈಗೆ ಕೊಟ್ಟೆ.

"ನಾನಾ? ಕಸುಬಿನ ಸಾಮಾನು ಹೆಂಗಸ್ರು ಮುಟ್ಬಾರ್ದು ಅಂತ ನಿಮ್ಮಪ್ಪ ನನ್ನ ಕೈಲಿ ಒಂದು ಕೊಡತಿ ಎತ್ತೋಕೆ ಬಿಟ್ಟಿಲ್ಲ!"

"ಅಪ್ಪ ಎಷ್ಟೋ ಹೇಳಿದ್ರು. ಎಣ್ಣೆತೂತಿನ ಥರದ್ದೇ ಅವೂ. ಎಳಿ."

ಎಳೆದಳು. ಕಾಫಿ ಮೂಟೆ ಹೊತ್ತ ತೋಳು ಅದು. ಮರ ಮುಂದಕ್ಕೆ ಸುತ್ತಿದಾಗ ಉಳಿ ಒತ್ತಬೇಕು, ಹಿಂದಕ್ಕೆ ಸುತ್ತಿದಾಗ ಬಿಡಬೇಕು. ಮೊದಲ ಎರಡು ಕಂಬಿ ಕೆಟ್ಟವು. ಮೂರನೆಯದು ಬಂತು. ಮೂರು ದಿನ ಅವಳು ಎಳೆದಳು, ನಾನು ಕಡೆದೆ. ಹಗ್ಗ ಎಳೆದಷ್ಟು ಸಲ ಒಂದೊಂದು ಮಾತು ಹಾಕಿದಳು. ನಲವತ್ತು ವರ್ಷದ್ದೆಲ್ಲ ಬಾಕಿಯಿಲ್ಲದೆ ಹೊರಗೆ ಬಂತು. ನಾನು ಹಾಡುವುದನ್ನು ನಿಲ್ಲಿಸಿದ್ದೆ, ಅವಳು ಬೈಯುವುದೇ ತಾಳಕ್ಕೆ ಸರಿಯಾಗಿತ್ತು. ಹನ್ನೆರಡನೆಯ ದಿನ ಬೆಳಿಗ್ಗೆ, ಅರಿಸಿನ ಹಚ್ಚುವ ಹೆಂಗಸರು ಬಾಗಿಲಲ್ಲಿ ನಿಂತಿರುವಾಗ, ಇಪ್ಪತ್ನಾಲ್ಕನೆಯ ಕಂಬಿಗೆ ಬೆಣೆ ಹೊಡೆದೆ.

ತೊಟ್ಟಿಲು ತೂಗಿದಾಗ ಒಂದು ಕಿರುಗುಟ್ಟುವ ಶಬ್ದವಿಲ್ಲ. ನನ್ನ ಮೊಮ್ಮಗಳು ಅದರೊಳಗೆ ಮಲಗಿ, ಬಂದವರನ್ನೆಲ್ಲ ತಾನೇ ಕರೆಸಿದವಳ ಹಾಗೆ ನೋಡಿದಳು. ಸಾಬರು ತಂದ ಕಲ್ಲುಸಕ್ಕರೆ ಎಲ್ಲರಿಗೂ ಹಂಚಿದೆವು. ನಾಚಿಕೆ ಎಂಬುದು ಇಲ್ಲದ ರೈಟರೂ ಊಟಕ್ಕೆ ಬಂದಿದ್ದರು. ಎರಡು ಸಲ ಹೋಳಿಗೆ ಹಾಕಿಸಿಕೊಂಡರು. ಆಮೇಲೆ ತೊಟ್ಟಿಲ ಹತ್ತಿರ ಬಂದು, ಕಂಬಿಗಳ ಮೇಲೆ ಬೆರಳಾಡಿಸಿದರು. ಚಕ್ರವಿಲ್ಲದೆ ಇದು ಹೇಗೆ ದುಂಡಗಾಯಿತೆಂದು ನನ್ನನ್ನು ಕೇಳಲು ಅವರ ಕೋಟು ಬಿಡಲಿಲ್ಲ.

ಕೊನೆಗೆ ಯಾರೂ ನೋಡುತ್ತಿಲ್ಲ ಎಂದುಕೊಂಡು, ಮೊಣಕಾಲೂರಿ, ಕತ್ತು ಹೊರಳಿಸಿ, ತೊಟ್ಟಿಲಿನ ತಳವನ್ನು ನೋಡಿದರು. ಅಲ್ಲಿ ಅಕ್ಷರ ಹುಡುಕುತ್ತಿದ್ದರು.